ಧಾರವಾಡದ ಗೋರಿ, ನಂದಗಡದ ಆಲ

ಮುಗದದಿಂದ ಪೂರ್ವಕ್ಕೆ ಧಾರವಾಡ, ಪಶ್ಚಿಮಕ್ಕೆ ಅಳ್ನಾವರ ದಾಟಿದರೆ ನಂದಗಡ. ಕಿತ್ತೂರಿನ ಯುದ್ಧದ ಎರಡು ಸ್ಮಾರಕಗಳು ಈ ಎರಡು ದಿಕ್ಕಿಗೆ ಇವೆ. ಧಾರವಾಡದ ಹಳೆಯ ಕ್ರೈಸ್ತ ಸ್ಮಶಾನದಲ್ಲಿರುವುದು ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯದು. ಕಿತ್ತೂರಿನ ದತ್ತಕವನ್ನು ಒಪ್ಪದೆ ಭಂಡಾರಕ್ಕೆ ಮುದ್ರೆಯೊತ್ತಿಸಿದ ಈತ 1824ರ ಅಕ್ಟೋಬರ್ 23ರಂದು ಕೋಟೆಯೆದುರು ಮಡಿದನು. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ಗುಂಡು ಹೊಡೆದವನು ಅಮಟೂರು ಬಾಳಪ್ಪನೆಂದು ನಾಡು ನಂಬಿದೆ.

ನಂದಗಡದ್ದು ಸಂಗೊಳ್ಳಿ ರಾಯಣ್ಣನ ಸಮಾಧಿ. ಆತನನ್ನು 1831ರ ಜನವರಿ 26ರಂದು ಅಲ್ಲಿಯೇ ಗಲ್ಲಿಗೇರಿಸಿದರು. ಸಮಾಧಿಯ ಬಳಿ ದೊಡ್ಡ ಆಲದ ಮರವುಂಟು. ಗೆಳೆಯನೊಬ್ಬ ನೆಟ್ಟದ್ದೆಂದು ಹೇಳಿಕೆ. ಕಲೆಕ್ಟರನ ಗೋರಿಗೆ ಕಲ್ಲು ದೊರೆಯಿತು, ಸರಿಯೇ. ರಾಯಣ್ಣನ ಮರಕ್ಕಾದರೋ ಮಕ್ಕಳಾಗಲೆಂದು ಹರಕೆ ಹೊತ್ತ ತಾಯಂದಿರು ಇಂದಿಗೂ ಬರುತ್ತಾರೆ.