ಹಸಿವನ್ನೇ ಬಿತ್ತುವ ಊರು

ಆ ಊರಿನಲ್ಲಿ ಯಾರಿಗೂ ಹಸಿವಿಲ್ಲ! ಮನೆಗಳಿವೆ, ರಸ್ತೆಗಳಿವೆ, ಮೂಲೆಯಲ್ಲಿ ನನ್ನ ಹೊಸ ಹೋಟೆಲೂ ಇದೆ. ಬರ್ಗರ್ ಬಿಸಿಬಿಸಿಯಾಗಿ ಸಿದ್ಧ. ಒಂದು ನರಪಿಳ್ಳೆಯೂ ಬರಲಿಲ್ಲ. ಯಾಕೆ ಬರಬೇಕು? ಬರ್ಗರ್ ಬೇಕು ಅಂತ ಅವರಿಗೆ ಇನ್ನೂ ಯಾರೂ ಹೇಳಿಕೊಟ್ಟಿಲ್ಲವಲ್ಲ!

'ಫುಡ್ ಚೈನ್ ಮ್ಯಾಗ್ನೇಟ್' ಎಂಬ ಬೋರ್ಡ್ ಆಟ ಮೊದಲ ಏಟಿಗೇ ನನ್ನನ್ನು ಕೆಡವಿದ್ದು ಹೀಗೆ. ನೆದರ್ಲೆಂಡ್ಸ್‌ನ ಯೆರೂನ್ ಡೌಮೆನ್ ಮತ್ತು ಯೋರಿಸ್ ವೀರ್ಸಿಂಗಾ ರೂಪಿಸಿದ ಆಟ. ಅವರದೇ ಸ್ಪ್ಲಾಟರ್ ಸ್ಪೆಲೆನ್ 2015ರಲ್ಲಿ ಹೊರತಂದಿತು. ಆಡಲು 2ರಿಂದ 5 ಜನ ಸಾಕು. ಚೌಕಾಬಾರದ ಕವಡೆಯ ಹಾಗೆ ಕೈಹಿಡಿಯುವ ಅದೃಷ್ಟ ಇಲ್ಲಿ ಇಲ್ಲವೇ ಇಲ್ಲ. ಊರಿನ ನಕ್ಷೆ ಜೋಡಿಸಿದ ಮೇಲೆ ಸೋತರೆ ನಿಮ್ಮ ತಲೆಯೇ ಹೊಣೆ.

ಹಸಿವು ಹುಟ್ಟಬೇಕಾದರೆ ಜಾಹೀರಾತು ಹಾಕಬೇಕು. ಫಲಕ ನಿಲ್ಲಿಸಿದರೆ ಪಕ್ಕದ ಮನೆಗೆ ಪಿಜ್ಜಾ ಆಸೆ. ವಿಮಾನ ಹಾರಿಸಿದರೆ ಸಾಲುಸಾಲು ಮನೆಗಳಿಗೆ ಕೋಲಾ ದಾಹ. ರೇಡಿಯೋ ಹಚ್ಚಿದರಂತೂ ಅರ್ಧ ಊರೇ ಬಾಯಿ ಚಪ್ಪರಿಸುತ್ತದೆ! ಆದರೆ ಗಿರಾಕಿಗೆ ಋಣ ಗೊತ್ತಿಲ್ಲ. ದರ ಮತ್ತು ದೂರ ಕೂಡಿಸಿ ಎಲ್ಲಿ ಕಡಿಮೆಯೋ ಅಲ್ಲಿಗೇ ಓಡುತ್ತಾನೆ. ಬರ್ಗರಿನ ಜೊತೆ ಕೋಲಾವನ್ನೂ ಕೇಳಿದ ಮನೆಗೆ ಎರಡನ್ನೂ ಒಂದೇ ಹೋಟೆಲು ಕೊಡಬೇಕು. ನಾನು ಕಷ್ಟಪಟ್ಟು ಬರ್ಗರಿನ ಆಸೆ ಹುಟ್ಟಿಸಿದ್ದೆ. ಎದುರಿನವಳು ಮೆಲ್ಲಗೆ ಅದೇ ಮನೆಗೆ ಕೋಲಾದ ಆಸೆಯನ್ನೂ ಹಚ್ಚಿದಳು. ನನ್ನಲ್ಲಿ ಕೋಲಾ ಇಲ್ಲ. ಬಿತ್ತಿದವನು ನಾನು, ಕೊಯ್ದವಳು ಅವಳು. ಎಂಥ ಕುತಂತ್ರ, ಎಂಥ ಸೊಗಸು!

ಕೆಲಸಗಾರರೆಲ್ಲ ಇಸ್ಪೀಟಿನಂಥ ಎಲೆಗಳು. ಹೊಸಬರಿಗೆ ಸಂಬಳವಿಲ್ಲ, ಪಳಗಿದವರಿಗೆ ಸುತ್ತಿಗೆ 5 ಡಾಲರ್. ಮಾರಾಟವಾಗದ ತಿನಿಸು ಸುತ್ತು ಮುಗಿದಾಗ ಕಸಕ್ಕೆ. ಇಲ್ಲೊಂದು ಚಮತ್ಕಾರ ನೋಡಿ: ಎಲ್ಲರಿಗಿಂತ ಮೊದಲು ಹಾಗೆ ಬಿಸಾಡಿದವರಿಗೆ ಬಹುಮಾನವಾಗಿ ಹತ್ತು ತಿನಿಸು ಹಿಡಿಸುವ ಫ್ರೀಜರ್ ಸಿಗುತ್ತದೆ! ಬೇಕೆಂದೇ ಊಟ ಬಿಸಾಡಲು ಓಡುವ ಆಟ ನಾನಂತೂ ಬೇರೆ ಕಂಡಿಲ್ಲ. ನನ್ನ ಅಜ್ಜಿ ನೋಡಿದ್ದರೆ ಹಲಗೆಯನ್ನೇ ಮಡಚಿಡುತ್ತಿದ್ದರು.

ಬ್ಯಾಂಕಿನ ಹಣ ಎರಡನೇ ಸಲ ಬರಿದಾದಾಗ ಆಟ ಮುಗಿಯುತ್ತದೆ. ಹೆಚ್ಚು ದುಡ್ಡಿದ್ದವರು ಗೆದ್ದಂತೆ. ನಾನು ಕೊನೆಯವನಾದೆ, ಆದರೂ ಆಟದ ಗುಂಗಿನಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. 2019ರಲ್ಲಿ ಬಂದ ವಿಸ್ತರಣೆಯಲ್ಲಿ ಕಾಫಿಯೂ ಇದೆಯಂತೆ! ಆಡಲು ಕೂರುವವರು ಇಡೀ ಸಂಜೆ ಬಿಡುವು ಮಾಡಿಕೊಳ್ಳಿ, ಊಟ ಮುಗಿಸಿಯೇ ಕೂರಿ.