ಕಾಲು ಕಟ್ಟುವ ಕೈಗಳಿಗೆ ವಿದ್ಯಾದಾಸೋಹ

'ನಡೆ' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಹೆಜ್ಜೆಯಿಟ್ಟು ಸಾಗುವುದು ಒಂದು; ಬಾಳುವ ರೀತಿ ಇನ್ನೊಂದು. ಶರಣರು ಹಿರಿದೆಂದು ಬಗೆದದ್ದು ಎರಡನೆಯ ಅರ್ಥದ ನಡೆಯನ್ನು. ಆದರೆ ಮೊದಲನೆಯದು ನಿಂತುಹೋದವರಿಗೆ ಎರಡನೆಯದೂ ಎಷ್ಟು ಕಠಿಣವಾಗುತ್ತದೆಂಬುದನ್ನು ನಮ್ಮ ನಮ್ಮ ಊರುಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ ಕಾಲು ತೆಗೆಸಿಕೊಂಡ ಒಕ್ಕಲಿಗ, ರಸ್ತೆ ಅಪಘಾತದಲ್ಲಿ ಮೊಣಕಾಲಿನವರೆಗೆ ಕಳೆದುಕೊಂಡ ತರುಣ, ಪೋಲಿಯೊದಿಂದ ಕಾಲು ಬಡವಾದ ತಾಯಿ, ಹುಟ್ಟುತ್ತಲೇ ಪಾದ ಒಳಮುಖವಾಗಿ ತಿರುಚಿಕೊಂಡ ಶಿಶು, ಇವರೆಲ್ಲರ ಮುಂದಿರುವ ಪ್ರಶ್ನೆ ಒಂದೇ: ಎದ್ದು ನಡೆಯುವುದು ಹೇಗೆ? ಎದ್ದು ನಡೆಯಲಾಗದಿದ್ದರೆ ಕಾಯಕ ತಪ್ಪುತ್ತದೆ. ಕಾಯಕ ತಪ್ಪಿದ ಮನೆಯಲ್ಲಿ ದಾಸೋಹದ ಮಾತು ದೂರ ಉಳಿಯುತ್ತದೆ.

ಕಳೆದುಹೋದ ಅಂಗದ ಸ್ಥಾನದಲ್ಲಿ ಕೃತಕ ಅಂಗವನ್ನು ಜೋಡಿಸುವ ವಿದ್ಯೆಗೆ ಪ್ರಾಸ್ಥೆಟಿಕ್ಸ್ ಎಂದೂ, ಇರುವ ಅಂಗ ದುರ್ಬಲವಾಗಿದ್ದರೆ ಅಥವಾ ಸೊಟ್ಟಗಾಗಿದ್ದರೆ ಅದಕ್ಕೆ ಕ್ಯಾಲಿಪರ್, ಬೆಲ್ಟು, ವಿಶೇಷ ಪಾದರಕ್ಷೆ ಮೊದಲಾದ ಆಧಾರಗಳನ್ನು ಕೊಡುವ ವಿದ್ಯೆಗೆ ಆರ್ಥೋಟಿಕ್ಸ್ ಎಂದೂ ಹೆಸರು. ಎರಡನ್ನೂ ಒಂದೇ ವ್ಯಾಸಂಗದಲ್ಲಿ ಕಲಿಸುವುದು ವಾಡಿಕೆ. ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು ನಮಗೆ ಪರಿಚಿತರು. ಈ ವಿದ್ಯೆಯನ್ನು ಬಲ್ಲವರ ಹೆಸರು ಮಾತ್ರ ಬಹುಜನರ ಕಿವಿಗೆ ಬಿದ್ದಿಲ್ಲ. ಅಂಥವರನ್ನು ಸಿದ್ಧಗೊಳಿಸಲು ಬಡ ರಾಷ್ಟ್ರಗಳಲ್ಲಿ ನಡೆದಿರುವ ವಿದ್ಯಾರ್ಥಿವೇತನದ ಪ್ರಯತ್ನಗಳನ್ನು ಭಕ್ತರ ಗಮನಕ್ಕೆ ತರಬೇಕೆಂಬುದು ಈ ಲೇಖನದ ಉದ್ದೇಶ.

ಬೇಡಿಕೆ ಎಷ್ಟು, ಬಲ್ಲವರು ಎಷ್ಟು

ವಿಶ್ವ ಆರೋಗ್ಯ ಸಂಸ್ಥೆಯು ಕೃತಕಾಂಗ ಸೇವೆಯನ್ನು ಕುರಿತು 2017ರಲ್ಲಿ ಮಾನದಂಡಗಳನ್ನು ಪ್ರಕಟಿಸಿತು. ಜಗತ್ತಿನಲ್ಲಿ ಮೂರೂವರೆ ಕೋಟಿಯಿಂದ ನಾಲ್ಕು ಕೋಟಿ ಜನರಿಗೆ ಈ ಸೇವೆ ಬೇಕೆಂಬುದು ಅದರ ಅಂದಾಜು. ಜನಸಂಖ್ಯೆಯ ಶೇಕಡಾ ಅರ್ಧದಷ್ಟು ಮಂದಿಗೆ ಇದರ ಅಗತ್ಯವಿದೆಯೆಂಬ ಲೆಕ್ಕವನ್ನು ನಮ್ಮ ನಾಡಿಗೆ ಅನ್ವಯಿಸಿ ನೋಡೋಣ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅದರ ಶೇಕಡಾ ಅರ್ಧವೆಂದರೆ ಮೂರು ಲಕ್ಷಕ್ಕೂ ಹೆಚ್ಚು ಜನ. ಹತ್ತು ಲಕ್ಷ ಜನರಿಗೆ ಕನಿಷ್ಠ ಐದರಿಂದ ಹತ್ತು ಮಂದಿ ತಜ್ಞರಿರಬೇಕೆಂಬ ಅದೇ ಮಾನದಂಡವನ್ನು ಹಿಡಿದರೆ, ನಮ್ಮ ರಾಜ್ಯವೊಂದಕ್ಕೇ 300ರಿಂದ 600 ಮಂದಿ ಬೇಕಾಗುತ್ತಾರೆ.

ಇನ್ನು ಕಲಿಸುವ ಶಾಲೆಗಳ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಬ್ಯಾಂಕು ಸೇರಿ 2011ರಲ್ಲಿ ಹೊರತಂದ ಅಂಗವೈಕಲ್ಯದ ಜಾಗತಿಕ ವರದಿಯ ಪ್ರಕಾರ, 2005ರಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿದ್ದ ಇಂಥ ಶಾಲೆಗಳು ಕೇವಲ 24. ಅವೆಲ್ಲವೂ ಸೇರಿ ವರ್ಷಕ್ಕೆ ಹೊರಕಳುಹಿಸುತ್ತಿದ್ದ ವಿದ್ಯಾರ್ಥಿಗಳು ಸುಮಾರು 400. ಕೋಟಿಗಳ ಬೇಡಿಕೆಯ ಎದುರಿಗೆ ಈ ನಾನೂರನ್ನು ಇಟ್ಟು ನೋಡಿದರೆ ಕೊರತೆಯ ಆಳ ತಾನಾಗಿಯೇ ತಿಳಿಯುತ್ತದೆ.

ಕೊಟ್ಟರೆ ಮುಗಿಯುವ ವಸ್ತುವಲ್ಲ

ಕೃತಕ ಕಾಲನ್ನು ಅಂಗಡಿಯಿಂದ ಕೊಂಡು ತಂದು ಹಾಕಿಕೊಳ್ಳುವ ಚಪ್ಪಲಿಯಂತೆ ಭಾವಿಸುವವರಿದ್ದಾರೆ. ವಾಸ್ತವ ಹಾಗಿಲ್ಲ. ತಜ್ಞನು ಮೊದಲು ಉಳಿದಿರುವ ಕಾಲಿನ ತುಂಡನ್ನು ಮುಟ್ಟಿ ಪರೀಕ್ಷಿಸುತ್ತಾನೆ. ಚರ್ಮ, ಸ್ನಾಯು, ಕೀಲುಗಳ ಬಲವನ್ನು ಅರಿಯುತ್ತಾನೆ. ಬಳಿಕ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾನೆ. ಆ ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿರೂಪ ಮಾಡಿ, ಭಾರ ಹೊರಬಲ್ಲ ಕಡೆ ಕೆತ್ತಿ, ಎಲುಬು ಉಬ್ಬಿದ ಸೂಕ್ಷ್ಮ ಜಾಗದಲ್ಲಿ ಮೆತ್ತಿ ತಿದ್ದುತ್ತಾನೆ. ಅದರ ಮೇಲೆ ಕಾಯಿಸಿದ ಪಾಲಿಪ್ರೊಪಿಲೀನ್ ಹಾಳೆಯನ್ನು ಹೊದಿಸಿದಾಗ ಕಾಲು ಕೂರುವ ಸಾಕೆಟ್ ಸಿದ್ಧವಾಗುತ್ತದೆ. ಅದಕ್ಕೆ ನಳಿಗೆ, ಪಾದ ಜೋಡಿಸಿ, ನಡೆಸಿ ನೋಡಿ, ಓರೆಕೋರೆಗಳನ್ನು ಸರಿಪಡಿಸಬೇಕು. ಕೆಲವೇ ಮಿಲಿಮೀಟರುಗಳ ತಪ್ಪು ಕೂಡ ಹುಣ್ಣಾಗಿ, ಸೊಂಟನೋವಾಗಿ ಕಾಡುತ್ತದೆ. ಆಗ ಆ ಕಾಲು ಮನೆಯ ಅಟ್ಟ ಸೇರುತ್ತದೆ. ಮನುಷ್ಯ ಮತ್ತೆ ನೆಲ ಹಿಡಿಯುತ್ತಾನೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ, ಬೆಳೆಯುವ ಮಕ್ಕಳಿಗೆ ಸುಮಾರು ಆರು ತಿಂಗಳಿಗೊಮ್ಮೆ ಕಾಲನ್ನು ಬದಲಿಸಬೇಕಾಗುತ್ತದೆ. ಹತ್ತನೆಯ ವಯಸ್ಸಿನಲ್ಲಿ ಕಾಲು ಕಳೆದುಕೊಂಡ ಮಗುವಿಗೆ ಜೀವಮಾನದಲ್ಲಿ ಸುಮಾರು 25 ಕೃತಕ ಕಾಲುಗಳು ಬೇಕಾದೀತೆಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಲೆಕ್ಕ ಹಾಕಿದೆ. ಒಂದು ದಿನದ ಶಿಬಿರದಲ್ಲಿ ಒಂದು ಕಾಲನ್ನು ದಾನವಾಗಿ ಪಡೆದ ಆ ಮಗುವಿಗೆ ಉಳಿದ 24 ಕಾಲುಗಳನ್ನು ಕೊಡುವವರು ಯಾರು? ಶಿಬಿರಗಳಿಂದ ಅಸಂಖ್ಯ ಜನರಿಗೆ ಉಪಕಾರವಾಗಿದೆ, ಅವು ಬೇಕು. ಆದರೆ ಶಿಬಿರದ ಪೆಂಡಾಲು ಬಿಚ್ಚಿದ ಮೇಲೂ ಆ ಊರಿಗೆ ಹತ್ತಿರದಲ್ಲಿ ಉಳಿಯುವ ಒಬ್ಬ ಬಲ್ಲವನು ಬೇಕು. ಅವನನ್ನು ಸಿದ್ಧಗೊಳಿಸುವ ದಾರಿ ವಿದ್ಯಾಭ್ಯಾಸ. ಬಡದೇಶದ ಬಡ ವಿದ್ಯಾರ್ಥಿಗೆ ವಿದ್ಯಾಭ್ಯಾಸದ ದಾರಿ ವಿದ್ಯಾರ್ಥಿವೇತನ.

ಮೋಶಿಯಿಂದ ನಾಮ್‌ಪೆನ್‌ವರೆಗೆ

ಆಫ್ರಿಕದ ತಾಂಜಾನಿಯದಲ್ಲಿ, ಕಿಲಿಮಂಜಾರೊ ಪರ್ವತದ ಬುಡದಲ್ಲಿರುವ ಮೋಶಿ ಪಟ್ಟಣದಲ್ಲಿ, 1981ರಲ್ಲಿ ಜರ್ಮನಿಯ ನೆರವಿನಿಂದ ಒಂದು ತರಬೇತಿ ಕೇಂದ್ರ ಆರಂಭವಾಯಿತು. ಟಾಟ್‌ಕಾಟ್ ಎಂಬುದು ಅದರ ಸಂಕ್ಷಿಪ್ತ ನಾಮ. ತಾಂಜಾನಿಯದವರಷ್ಟೇ ಅಲ್ಲದೆ ಇಂಥ ಶಾಲೆಯೇ ಇಲ್ಲದ ಆಫ್ರಿಕದ ಅನೇಕ ದೇಶಗಳ ವಿದ್ಯಾರ್ಥಿಗಳು ಅಲ್ಲಿ ಇಂಗ್ಲಿಷಿನಲ್ಲಿ ಕಲಿತು ತಾಯ್ನಾಡಿಗೆ ಮರಳಿದ್ದಾರೆ. ಯುದ್ಧ ಮತ್ತು ನೆಲಬಾಂಬುಗಳಿಂದ ಜರ್ಜರಿತವಾದ ಕಾಂಬೋಡಿಯದ ರಾಜಧಾನಿ ನಾಮ್‌ಪೆನ್‌ನಲ್ಲಿ 1994ರಲ್ಲಿ ಕಾಂಬೋಡಿಯ ಟ್ರಸ್ಟ್ ಎಂಬ ಬ್ರಿಟಿಷ್ ಸೇವಾಸಂಸ್ಥೆ ಇಂಥದೇ ಶಾಲೆಯನ್ನು ತೆರೆಯಿತು. ಮೊದಲಿಗೆ ಪರದೇಶದ ಗುರುಗಳು ಕಲಿಸಿದರು. ಕ್ರಮೇಣ ಅಲ್ಲಿ ಕಲಿತವರೇ ಕಲಿಸುವವರಾದರು. ಸುತ್ತಣ ರಾಷ್ಟ್ರಗಳ ವಿದ್ಯಾರ್ಥಿಗಳಿಗೂ ಆ ಶಾಲೆ ಆಸರೆಯಾಯಿತು. ಜಪಾನಿನ ನಿಪ್ಪಾನ್ ಫೌಂಡೇಶನ್ ನೆರವಿನಿಂದ ಆಗ್ನೇಯ ಏಷ್ಯದ ಬೇರೆ ದೇಶಗಳಲ್ಲಿಯೂ ಶಾಲೆಗಳು ತಲೆಯೆತ್ತಿದವು.

ಈ ಶಾಲೆಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸಲು ಹಣ ಒದಗಿಸಿದವರು ಹಲವರು. 1970ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದ ಐಎಸ್‌ಪಿಓ ಎಂಬ ಅಂತರರಾಷ್ಟ್ರೀಯ ಸಂಘವು ಜಗತ್ತಿನ ಇಂಥ ಶಾಲೆಗಳ ಗುಣಮಟ್ಟವನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಅಮೆರಿಕದ ಯುಎಸ್‌ಎಐಡಿ ಸಂಸ್ಥೆಯು ಯುದ್ಧ ಸಂತ್ರಸ್ತರಿಗಾಗಿ 1989ರಲ್ಲಿ ಆರಂಭವಾದ ಲೇಹಿ ನಿಧಿಯ ಹಣವನ್ನು ಈ ಸಂಘದ ಮೂಲಕ ಬಡದೇಶಗಳ ವಿದ್ಯಾರ್ಥಿಗಳ ವೇತನಕ್ಕೆ ವಿನಿಯೋಗಿಸಿತು. ರೆಡ್‌ಕ್ರಾಸ್ ಸಮಿತಿ 1983ರಲ್ಲಿ ವಿಕಲಚೇತನರಿಗಾಗಿ ಸ್ಥಾಪಿಸಿದ ವಿಶೇಷ ನಿಧಿಯೂ ತಂತ್ರಜ್ಞರ ತರಬೇತಿಗೆ ಕೈಜೋಡಿಸಿತು.

ಅನುಭವ ಕಲಿಸಿದ ಪಾಠ

ದಶಕಗಳ ಈ ಪ್ರಯತ್ನಗಳಲ್ಲಿ ದಾನಿಗಳೆಲ್ಲರೂ ಗಮನಿಸತಕ್ಕ ಕೆಲವು ಸಂಗತಿಗಳಿವೆ. ಮೊದಲನೆಯದು, ಶುಲ್ಕ ಕಟ್ಟಿದ ಮಾತ್ರಕ್ಕೆ ವಿದ್ಯಾರ್ಥಿವೇತನ ಪೂರ್ಣವಾಗದು. ಊಟ, ವಸತಿ, ಪ್ರಯಾಣ, ಉಪಕರಣ ಎಲ್ಲವೂ ಸೇರಿದಾಗಲೇ ಬಡವರ ಮಗ ಅಥವಾ ಮಗಳು ಓದು ಮುಗಿಸಬಲ್ಲರು. ಎರಡನೆಯದು, ಕಲಿತವನು ಮರಳುವ ಊರಿನಲ್ಲಿ ಅವನಿಗೊಂದು ಹುದ್ದೆ, ಕಾಯಿಸುವ ಒಲೆಯುಳ್ಳ ಕಾರ್ಯಾಗಾರ, ಪ್ಲಾಸ್ಟಿಕ್ ಹಾಳೆಯ ದಾಸ್ತಾನು ಇರಬೇಕು. ಇವಿಲ್ಲದಿದ್ದರೆ ಅವನು ನಗರಕ್ಕೋ ಪರದೇಶಕ್ಕೋ ಹೊರಟುಹೋಗುತ್ತಾನೆ. ಅವನನ್ನು ದೂರುವ ಮೊದಲು ನಾವು ಅವನಿಗೇನು ಉಳಿಸಿದ್ದೆವೆಂದು ಕೇಳಿಕೊಳ್ಳಬೇಕು. ಮೂರನೆಯದು, ತೊಡೆಯವರೆಗೆ ಅಳತೆ ಕೊಡಬೇಕಾದ ಹೆಣ್ಣುಮಗಳು ಪುರುಷ ತಜ್ಞನ ಮುಂದೆ ಕೂರಲು ಸಂಕೋಚಪಟ್ಟು ಚಿಕಿತ್ಸೆಯಿಂದಲೇ ಹಿಂಜರಿಯುವುದುಂಟು. ಆದ್ದರಿಂದ ವಿದ್ಯಾರ್ಥಿನಿಯರಿಗೆ ಮೀಸಲಾದ ನೆರವು ಅತ್ಯವಶ್ಯ.

ನಾಲ್ಕನೆಯ ಪಾಠ ಇತ್ತೀಚಿನದು. 2025ರಲ್ಲಿ ಅಮೆರಿಕ ಸರ್ಕಾರವು ಯುಎಸ್‌ಎಐಡಿ ಸಂಸ್ಥೆಯನ್ನೇ ಮುಚ್ಚಿತು. ದೂರದ ಒಂದೇ ಕಣಜವನ್ನು ನೆಚ್ಚಿಕೊಂಡವರ ಒಲೆ ಯಾವ ದಿನವೂ ಆರಬಹುದು. ಊರೂರಿನವರು ಹಿಡಿ ಹಿಡಿ ಅಕ್ಕಿ ಕೂಡಿಸಿ ನಡೆಸುವ ದಾಸೋಹದ ಒಲೆ ಹಾಗೆ ಸುಲಭವಾಗಿ ಆರುವುದಿಲ್ಲ. ಇದನ್ನು ಮಠದ ಭಕ್ತರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ನೆಲದಲ್ಲಿ

ಭಾರತವು ಈ ವಿದ್ಯೆಯಲ್ಲಿ ಬರಿಗೈಯದಲ್ಲ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇಠಿ ಹಾಗೂ ಕುಶಲಕರ್ಮಿ ರಾಮಚಂದ್ರ ಶರ್ಮ ಅವರು ಸೇರಿ ರೂಪಿಸಿದ ಜೈಪುರ ಪಾದ ಜಗತ್ಪ್ರಸಿದ್ಧ. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕುಳಿತು ಉಣ್ಣುವ ನಮ್ಮ ಜನರ ಬಾಳಿಗೆ ಒಗ್ಗುವಂತೆ ಅದನ್ನು ಮಾಡಲಾಗಿತ್ತು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ವೈದ್ಯನ ಅರಿವು ಮತ್ತು ಕುಶಲಕರ್ಮಿಯ ಕಾಯಕ ಸಮಾನವಾಗಿ ಕೂಡಿದ್ದರಿಂದ ಹುಟ್ಟಿದ ಫಲವದು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ಇಂದು ಈ ವೃತ್ತಿಯವರು ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಯು ಈ ವಿದ್ಯೆಯನ್ನು ಕಲಿಸುತ್ತಿದ್ದು, ಪರರಾಷ್ಟ್ರಗಳ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಕಲಿತಿದ್ದಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ನಮ್ಮ ಮಕ್ಕಳು ಎಂಬಿಬಿಎಸ್, ಎಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳ ಮುಂದೆ ಸಾಲುಗಟ್ಟುತ್ತಾರೆ. ವೈದ್ಯವೂ ಯಂತ್ರವಿದ್ಯೆಯೂ ಕೈಕೆಲಸವೂ ಕೂಡಿದ ಈ ಮೂರನೆಯ ಬಾಗಿಲು ತೆರೆದೇ ಇದೆ. ಪಾಲಕರು ಅದರತ್ತಲೂ ನೋಡಬೇಕು.

ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳು ಕನ್ನಡ ನಾಡಿನ ಚಹರೆಯನ್ನೇ ಬದಲಿಸಿದವು. ತುಮಕೂರಿನ ಸಿದ್ಧಗಂಗೆಯ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ಎಲ್ಲರಿಗೂ ತಿಳಿದದ್ದು. ಜಾತಿ ಮತಗಳನ್ನೆಣಿಸದೆ ಹಳ್ಳಿಯ ಬಡ ಹುಡುಗನಿಗೆ ಅನ್ನವಿಟ್ಟು ಓದಿಸಿದ ಆ ಪರಂಪರೆ, ಹೆಸರು ಬೇರೆಯಾದರೂ, ವಿದ್ಯಾರ್ಥಿವೇತನವೇ ಆಗಿತ್ತು. ಅದರ ಒಂದು ಕವಲು ಈ ವಿದ್ಯೆಯತ್ತ ಹರಿಯಲೆಂಬುದು ನಮ್ಮ ಬಿನ್ನಹ. ಪ್ರತಿ ತಾಲ್ಲೂಕಿನ ಭಕ್ತರು ಕೂಡಿ ಒಬ್ಬ ವಿದ್ಯಾರ್ಥಿಯನ್ನು, ಸಾಧ್ಯವಾದರೆ ಸ್ವತಃ ವಿಕಲಚೇತನರಾದ ಒಬ್ಬರನ್ನು, ಓದಿಸಿದರೂ ಸಾಕು. ಜಾತ್ರೆಯಲ್ಲಿ ಒಂದು ದಿನದ ಶಿಬಿರಕ್ಕೆ ಹಣ ಕೂಡಿಸುವಾಗ ಒಂದು ಪಾಲನ್ನು ಇದಕ್ಕೆಂದು ತೆಗೆದಿಡಬಹುದು.

ಮನೆಯಲ್ಲಿ ಪಾಲಿಸಬೇಕಾದ್ದು

ತಜ್ಞರು ಸಿದ್ಧರಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಸಕ್ಕರೆ ಕಾಯಿಲೆಯುಳ್ಳವರು ದಿನವೂ ಮಲಗುವ ಮುನ್ನ ಅಂಗಾಲು, ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಬರಿಗಾಲಲ್ಲಿ ಹೊಲಕ್ಕೆ ಹೋಗಬಾರದು. ಪಾದದಲ್ಲಿ ಸಣ್ಣ ಗಾಯವಾದರೂ ನೋವಿಲ್ಲವೆಂದು ಉದಾಸೀನ ಮಾಡದೆ ವೈದ್ಯರಿಗೆ ತೋರಿಸಬೇಕು. ನೋವು ತಿಳಿಯದಿರುವುದೇ ಅಲ್ಲಿ ಅಪಾಯದ ಗುರುತು. ಪಾದ ತಿರುಚಿ ಹುಟ್ಟಿದ ಶಿಶುವನ್ನು ಮೊದಲ ಕೆಲವು ವಾರಗಳಲ್ಲಿಯೇ ತೋರಿಸಿದರೆ, ಪೊನ್ಸೆಟಿ ವಿಧಾನದಂತೆ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಿ ಪಾದವನ್ನು ಸರಿಪಡಿಸುತ್ತಾರೆ. ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ವೈದ್ಯರು ಹೇಳಿದಷ್ಟು ಹೊತ್ತು ವಿಶೇಷ ಬೂಟನ್ನು ತೊಡಿಸುವುದನ್ನು ತಪ್ಪಿಸಬಾರದು. ತಪ್ಪಿಸಿದರೆ ಪಾದ ಮತ್ತೆ ತಿರುಚಿಕೊಳ್ಳಬಹುದು. ಕೃತಕ ಕಾಲು ಧರಿಸುವವರು ಸಾಕೆಟ್ಟನ್ನು ನಿತ್ಯ ಒರೆಸಿ ಒಣಗಿಸಬೇಕು, ಕಾಲುಚೀಲವನ್ನು ದಿನವೂ ಒಗೆಯಬೇಕು. ಚರ್ಮ ಕೆಂಪಾಗಿ ಹಾಗೆಯೇ ಉಳಿದರೆ ಬಟ್ಟೆ ತುರುಕಿ ಸಹಿಸಿಕೊಳ್ಳದೆ ತಜ್ಞರ ಬಳಿಗೆ ಹೋಗಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು.

ಶರೀರವನ್ನು ಹೇಯವೆಂದು ತಳ್ಳದೆ ಶಿವನ ನೆಲೆಯೆಂದು ಗೌರವಿಸಿದ ಪರಂಪರೆ ನಮ್ಮದು. ಆ ನೆಲೆಯ ಒಂದು ಭಾಗ ಕುಸಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸವೂ ಪೂಜೆಯೇ ಸರಿ. ಬರುವ ಶಿಕ್ಷಣ ವರ್ಷದಲ್ಲಿ ಈ ವಿದ್ಯೆಗೆ ಸೇರಬಯಸುವ ಮಕ್ಕಳಿದ್ದಲ್ಲಿ ಭಕ್ತರು ತಮ್ಮ ಊರಿನ ಹಿರಿಯರ ಗಮನಕ್ಕೆ ತರಲಿ. ಕೊಡುವ ಶಕ್ತಿಯುಳ್ಳವರು ಅಂಥ ಒಂದು ಮಗುವಿನ ಓದಿನ ಭಾರವನ್ನು ಹಂಚಿಕೊಳ್ಳಲಿ. ಆ ಒಂದು ಮಗು ಕಲಿತು ಬಂದರೆ, ವೃತ್ತಿಯಲ್ಲಿರುವಷ್ಟು ಕಾಲವೂ ಸುತ್ತಲಿನ ಹಳ್ಳಿಗಳಲ್ಲಿ ಜನರು ಎದ್ದು ತಮ್ಮ ತಮ್ಮ ಕಾಯಕಕ್ಕೆ ನಡೆದು ಹೋಗುತ್ತಾರೆ.