ಗಿರಣಿಗಳು ಮುಚ್ಚಿದವು, ಓಟ ನಿಂತಿಲ್ಲ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ ತಿಂಗಳಿನಲ್ಲಿ ಉದ್ಘಾಟನೆಗೊಂಡ ತರುವಾಯ ರಾಮನಗರ ಮತ್ತು ಚನ್ನಪಟ್ಟಣಗಳ ಹಳೆಯ ರಸ್ತೆಯ ಬದಿಯಲ್ಲಿ ವ್ಯಾಪಾರ ನಡೆಸುತ್ತಿದ್ದವರಿಗೆ ಆದ ಅನುಭವ ಓದುಗರಿಗೆ ತಿಳಿಯದ್ದೇನಲ್ಲ. ಮೈಸೂರಿಗೆ ಹೊರಟ ಕುಟುಂಬವು ದಾರಿಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಬಣ್ಣದ ಬುಗುರಿಯನ್ನೋ ಮರದ ಕುದುರೆಯನ್ನೋ ಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಅದೇ ಕಾರು ಊರನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಹಾದುಹೋಗುವ ಗಿರಾಕಿಯನ್ನೇ ನೆಚ್ಚಿಕೊಂಡ ಅಂಗಡಿ, ಹೋಟೆಲುಗಳ ವಹಿವಾಟು ಇಳಿಯಿತು. ರಸ್ತೆ ಉತ್ತಮವಾದದ್ದೇ ಇಲ್ಲಿ ನಷ್ಟಕ್ಕೆ ಕಾರಣವಾಯಿತು.

ಇದಕ್ಕೆ ತದ್ವಿರುದ್ಧವಾದ ನಿದರ್ಶನವೊಂದು ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿದೆ. ಅಲ್ಲಿ ರಸ್ತೆ ಕೆಟ್ಟದ್ದಾಗಿದೆ ಎಂಬ ಕಾರಣಕ್ಕೇ ಸಹಸ್ರಾರು ಜನ ವರ್ಷಕ್ಕೊಮ್ಮೆ ಹುಡುಕಿಕೊಂಡು ಬರುತ್ತಾರೆ. ಪ್ಯಾರಿಸ್–ರೂಬೆ ಎಂದು ಪ್ರಸಿದ್ಧವಾದ ಒಂದು ದಿನದ ಸೈಕಲ್ ಓಟವದು. ಏಪ್ರಿಲ್ ತಿಂಗಳ ಒಂದು ಭಾನುವಾರ ನಡೆಯುವ ಈ ಓಟದ ಒಟ್ಟು ದೂರ ಸುಮಾರು 260 ಕಿಲೋಮೀಟರ್. ಅದರಲ್ಲಿ ಸುಮಾರು 55 ಕಿಲೋಮೀಟರ್ ಕಲ್ಲುಹಾಸಿನ ಹಾದಿ. ನಮ್ಮ ಕಲ್ಲುಕುಟಿಗರು ಕಟ್ಟಡಕ್ಕೆಂದು ಸಿದ್ಧಪಡಿಸುವ ಸೈಜುಗಲ್ಲಿಗಿಂತ ಚಿಕ್ಕದಾದ, ತಲೆಯುಬ್ಬಿದ ಕಲ್ಲುಗಳನ್ನು ಸಾಲಾಗಿ ಹೂತು, ಗಾಡಿಗಳ ಓಡಾಟಕ್ಕೆಂದು ಹಿಂದಿನವರು ಮಾಡಿಟ್ಟ ಹೊಲದ ದಾರಿಗಳು ಇವು. ಬಿಸಿಲಿದ್ದರೆ ಧೂಳು, ಮಳೆ ಬಿದ್ದರೆ ಕೆಸರು. ಟೈರು ಒಡೆಯುವುದು, ಚಕ್ರ ಮುರಿಯುವುದು, ಸವಾರರು ಒಬ್ಬರ ಮೇಲೊಬ್ಬರು ಬೀಳುವುದು ಅಲ್ಲಿ ಮಾಮೂಲು. ಗೆದ್ದವರಿಗೆ ಬೆಳ್ಳಿಯ ಬಟ್ಟಲಿಲ್ಲ. ಪೀಠದ ಮೇಲೆ ಕೂರಿಸಿದ ಅಂಥದ್ದೇ ಒಂದು ಕಲ್ಲನ್ನು ಕೈಗಿಡುತ್ತಾರೆ.

ವರ್ತಕರ ದೃಷ್ಟಿಯಿಂದ ಈ ಓಟದ ಮೂಲವು ಕುತೂಹಲಕರವಾದುದು. ರೂಬೆ ಎಂಬುದು ಉಣ್ಣೆ ಜವಳಿಯ ಪಟ್ಟಣ. ರಾಮನಗರ ಎಂದೊಡನೆ ಏಷ್ಯಾದಲ್ಲೇ ದೊಡ್ಡದೆನಿಸಿದ ರೇಷ್ಮೆಗೂಡಿನ ಮಾರುಕಟ್ಟೆ ಹೇಗೆ ನೆನಪಾಗುತ್ತದೆಯೋ ಹಾಗೆಯೇ ರೂಬೆ ಎಂದೊಡನೆ ಗಿರಣಿಗಳ ಚಿಮಣಿಗಳು ನೆನಪಾಗುತ್ತಿದ್ದವು. ಅಲ್ಲಿನ ಥಿಯೋಡೋರ್ ವಿಯೆನ್ ಮತ್ತು ಮೋರಿಸ್ ಪೆರೇ ಎಂಬ ಇಬ್ಬರು ಜವಳಿ ಉದ್ಯಮಿಗಳು 1895ರಲ್ಲಿ ಸೈಕಲ್ ಓಟದ ಕ್ರೀಡಾಂಗಣವೊಂದನ್ನು ಕಟ್ಟಿಸಿದರು. ಬಂಡವಾಳ ಹೂಡಿದ ಮೇಲೆ ಆಸನಗಳು ತುಂಬಬೇಕಲ್ಲವೆ? ಪ್ಯಾರಿಸ್ಸಿನಿಂದ ತಮ್ಮ ಕ್ರೀಡಾಂಗಣದವರೆಗೆ ಓಟವೊಂದನ್ನು ಏರ್ಪಡಿಸಿದರೆ ಊರಿನ ಹೆಸರೂ ಆಗುತ್ತದೆ, ಟಿಕೆಟ್ಟೂ ಮಾರಾಟವಾಗುತ್ತದೆ ಎಂಬ ಲೆಕ್ಕದಿಂದ ‘ಲ ವೆಲೋ’ ಎಂಬ ಪತ್ರಿಕೆಗೆ ಪತ್ರ ಬರೆದರು. ಬೋರ್ಡೊ–ಪ್ಯಾರಿಸ್ ಎಂಬ ಆಗಿನ ದೊಡ್ಡ ಓಟಕ್ಕೆ ಇದು ಒಳ್ಳೆಯ ತಾಲೀಮು ಆಗುವುದೆಂದು ಅದರಲ್ಲಿ ಸೂಚಿಸಿದ್ದರು. ದೊಡ್ಡ ವ್ಯಾಪಾರದ ಪಕ್ಕದಲ್ಲಿ ಸಣ್ಣ ವ್ಯಾಪಾರವನ್ನು ನಿಲ್ಲಿಸುವ ಈ ಜಾಣ್ಮೆ ಪೇಟೆಯವರಿಗೆ ಹೊಸತಲ್ಲ.

ದಾರಿ ನೋಡಿ ಬರಲು ಪತ್ರಿಕೆಯು ವಿಕ್ಟರ್ ಬ್ರೆಯರ್ ಎಂಬುವರನ್ನು ಕಳುಹಿಸಿತು. ಮಳೆಯಲ್ಲಿ ನೆನೆದು, ಕೆಸರು ಮೆತ್ತಿಕೊಂಡು, ಸುಸ್ತಾಗಿ ರೂಬೆ ತಲುಪಿದ ಅವರು ಈ ಯೋಜನೆಯನ್ನು ಕೈಬಿಡಿರೆಂದು ತಂತಿ ಕೊಡಲು ನಿಶ್ಚಯಿಸಿದ್ದರಂತೆ. ಆತಿಥೇಯರ ಮನೆಯೂಟ ಮುಗಿಯುವ ವೇಳೆಗೆ ಅಭಿಪ್ರಾಯ ಬದಲಾಗಿತ್ತು. 1896ರ ಏಪ್ರಿಲ್ 19ರಂದು ನಡೆದ ಮೊದಲ ಓಟವನ್ನು ಜರ್ಮನಿಯ ಜೋಸೆಫ್ ಫಿಶರ್ ಗೆದ್ದರು. ಬಹುಮಾನ 1,000 ಫ್ರಾಂಕ್.

ಈ ಓಟದ ಅಭಿಮಾನಿಗಳ ಸ್ವಭಾವವನ್ನು ಅರಿಯಲು 2016ರ ಏಪ್ರಿಲ್ 10ರ ಓಟ ಸಾಕು. ಬೆಲ್ಜಿಯಂ ಗಡಿಯು ರೂಬೆಗೆ ಕೂಗಳತೆಯಲ್ಲಿದೆ. ಅಲ್ಲಿಂದ ಹಳದಿ ಬಾವುಟದ ಮೇಲೆ ಕಪ್ಪು ಸಿಂಹದ ಚಿತ್ರ ಹಿಡಿದು ಬಂದವರಿಗೆ ಆ ದಿನ ಒಂದೇ ಆಸೆ. ತಮ್ಮವರಾದ ಟಾಮ್ ಬೂನೆನ್ ಐದನೆಯ ಬಾರಿ ಗೆದ್ದು ದಾಖಲೆ ಸ್ಥಾಪಿಸಬೇಕು. ಕೊನೆಗೆ ಕ್ರೀಡಾಂಗಣದೊಳಗೆ ಗೆಲುವಿಗಾಗಿ ಸೆಣಸಿದವರು ಐವರು. ಅವರ ನಡುವೆ ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್ ಎಂಬ 37 ವರ್ಷದ ಸವಾರ. ವೃತ್ತಿಜೀವನದ ಬಹುಭಾಗವನ್ನು ತಂಡದ ನಾಯಕರಿಗೆ ಗಾಳಿ ತಡೆಯುವ, ನೀರು ತಂದುಕೊಡುವ ಸಹಾಯಕನಾಗಿಯೇ ಕಳೆದವರು. ಆರು ವಾರಗಳ ಹಿಂದಷ್ಟೇ ಇನ್ನೊಂದು ಓಟದಲ್ಲಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದ ಅವರು, ಮನೆಯೊಳಗೆ ನಿಲ್ಲಿಸಿದ ಸೈಕಲ್ಲನ್ನು ತುಳಿದು ತಾಲೀಮು ಮಾಡಿದ್ದರು. ಬೂನೆನ್‌ರನ್ನು ಹಿಂದೆ ಹಾಕಿ ಮೊದಲು ಗೆರೆ ದಾಟಿದವರು ಈ ಹೇಮನ್. ಗೆದ್ದ ಮೇಲೆ ಅವರ ಮುಖದಲ್ಲಿದ್ದುದು ಹರ್ಷಕ್ಕಿಂತ ಹೆಚ್ಚಾಗಿ ಅಪನಂಬಿಕೆ.

ತಮ್ಮ ನಾಯಕ ಸೋತ ದಿನವನ್ನು ಅಭಿಮಾನಿಗಳು ಮರೆಯಲೆತ್ನಿಸುವುದು ಲೋಕರೂಢಿ. ಇಲ್ಲಿ ಆದದ್ದು ಬೇರೆ. ಆ ಓಟವನ್ನು ಈ ಶತಮಾನದ ಅತ್ಯುತ್ತಮ ಓಟಗಳಲ್ಲಿ ಒಂದೆಂದು ಬೂನೆನ್ ಅಭಿಮಾನಿಗಳೂ ಸೇರಿದಂತೆ ಅನೇಕರು ಇಂದಿಗೂ ನೆನೆಯುತ್ತಾರೆ. ಅವರು ಮೆಚ್ಚಿದ್ದು ವ್ಯಕ್ತಿಯನ್ನಷ್ಟೇ ಅಲ್ಲ, ಆ ಹಾದಿಯನ್ನು. ಅಭಿಮಾನವೆಲ್ಲ ಸಜ್ಜನಿಕೆಯೇ ಎಂದೂ ಹೇಳುವಂತಿಲ್ಲ. 2025ರಲ್ಲಿ ಮುಂದಿದ್ದ ಮ್ಯಾಥ್ಯೂ ವಾನ್ ಡೆರ್ ಪೂಲ್ ಅವರ ಮುಖಕ್ಕೆ ಪ್ರೇಕ್ಷಕನೊಬ್ಬ ನೀರಿನ ಬಾಟಲಿ ಎಸೆದ. ಆದರೂ ಅವರೇ ಗೆದ್ದರು.

ಹಾದಿಯ ಮೇಲಣ ಈ ಪ್ರೀತಿ ಬಾಯಿಮಾತಿನದಲ್ಲ. ಎರಡನೆಯ ಮಹಾಯುದ್ಧದ ನಂತರ ಕಲ್ಲುಹಾಸಿನ ರಸ್ತೆಗಳಿಗೆ ಒಂದೊಂದಾಗಿ ಡಾಂಬರು ಬೀಳತೊಡಗಿತು. ದೂರದರ್ಶನದಲ್ಲಿ ತಮ್ಮೂರಿನ ಹಾಳುರಸ್ತೆ ಕಾಣುವುದೆಂಬ ನಾಚಿಕೆಯಿಂದ ಕೆಲವು ಊರುಗಳ ಮೇಯರುಗಳು ಅವಸರವಾಗಿ ಡಾಂಬರು ಹಾಕಿಸಿದ್ದುಂಟು. ಆಗ ಸಂಘಟಕರು ಅಳಿದುಳಿದ ಕಲ್ಲುದಾರಿಗಳನ್ನು ಹುಡುಕುತ್ತಾ ಹೊರಟರು. ಗಣಿ ಕಾರ್ಮಿಕನಾಗಿದ್ದು ಮುಂದೆ ಖ್ಯಾತ ಸವಾರನಾದ ಜಾನ್ ಸ್ಟಾಬ್ಲಿನ್‌ಸ್ಕಿ ಎಂಬುವರು ತಾವು ದುಡಿದ ಕಲ್ಲಿದ್ದಲು ಗಣಿಯ ಮೇಲ್ಗಡೆಯ ಅರೆನ್‌ಬರ್ಗ್ ಕಾಡಿನ ದಾರಿಯನ್ನು ತೋರಿಸಿಕೊಟ್ಟರು. 1968ರಲ್ಲಿ ಅದು ಓಟಕ್ಕೆ ಸೇರಿತು. ಕಲ್ಲುದಾರಿಗಳನ್ನು ಉಳಿಸಲೆಂದೇ ಅಭಿಮಾನಿಗಳ ಸಂಘವೊಂದು ಹುಟ್ಟಿಕೊಂಡಿತು. ‘ಪ್ಯಾರಿಸ್–ರೂಬೆ ಮಿತ್ರರು’ ಎಂಬ ಅರ್ಥದ ಹೆಸರಿನ ಆ ಸಂಘದ ಸದಸ್ಯರು ಸಂಬಳವಿಲ್ಲದೆ, ತೋಟಗಾರಿಕೆ ಶಾಲೆಯ ವಿದ್ಯಾರ್ಥಿಗಳನ್ನೂ ಜೊತೆಗೂಡಿಸಿಕೊಂಡು, ಸಡಿಲಗೊಂಡ ಕಲ್ಲುಗಳನ್ನು ಕಿತ್ತು ಮತ್ತೆ ಕೂರಿಸುತ್ತಾರೆ. 2024ರಲ್ಲಿ ಅರೆನ್‌ಬರ್ಗ್ ದಾರಿಯ ಕಲ್ಲುಗಳ ಸಂದಿನ ಹುಲ್ಲು ಮೇಯಲು ಆಡುಗಳನ್ನು ಬಿಡಲಾಗಿತ್ತು. ಖರ್ಚು ಕಡಿಮೆ, ಪ್ರಚಾರ ಅಧಿಕ!

ಇಷ್ಟೆಲ್ಲ ಆದರೂ ಈ ಓಟ ರೂಬೆಯನ್ನು ಉದ್ಧರಿಸಿತೆಂದು ತಿಳಿದರೆ ತಪ್ಪಾಗುತ್ತದೆ. ಹೊರದೇಶಗಳ ಅಗ್ಗದ ಜವಳಿಯ ಮುಂದೆ ಗಿರಣಿಗಳು ನಿಲ್ಲಲಾರದೆ ಹೋದವು. ‘ಲೆನಿಯೇರ್ ದ ರೂಬೆ’ ಎಂಬ ಹೆಸರಾಂತ ಉಣ್ಣೆ ಗಿರಣಿಯು 2000ದಲ್ಲಿ ಮುಚ್ಚಿತು. ರೂಬೆ ಇಂದು ಫ್ರಾನ್ಸಿನ ಬಡ ಪಟ್ಟಣಗಳಲ್ಲಿ ಒಂದು. ಒಂದು ಭಾನುವಾರದ ವಹಿವಾಟು ವರ್ಷವಿಡೀ ನಡೆಯುತ್ತಿದ್ದ ಮಗ್ಗಗಳಿಗೆ ಸಾಟಿಯಾಗಲಾರದು. ಉಳಿದದ್ದು ಹೆಸರು ಮಾತ್ರ.

ಆದರೆ ಹೆಸರಿಗೆ ಬೆಲೆಯಿಲ್ಲವೆ? ಸ್ವತಃ ಗಳಿಸಿದ ಗುಡ್‌ವಿಲ್ ಅನ್ನು ಆಸ್ತಿಯೆಂದು ಆಯವ್ಯಯ ಪಟ್ಟಿಗೆ ಸೇರಿಸಲು ಲೆಕ್ಕಪತ್ರ ಮಾನದಂಡ 26 ಒಪ್ಪುವುದಿಲ್ಲ. ಆದರೂ ಅದಕ್ಕಾಗಿ ಜಗಳಗಳು ನಡೆಯುತ್ತವೆ. 2013ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ‘ಕೆಫೆ ರೂಬೆ’ ಎಂಬ ಸಣ್ಣ ಸೈಕಲ್ ಅಂಗಡಿಗೆ, ಹೆಸರು ಬದಲಾಯಿಸಬೇಕೆಂದು ಅಮೆರಿಕದ ಸ್ಪೆಷಲೈಸ್ಡ್ ಕಂಪನಿಯ ವಕೀಲರ ಪತ್ರ ಬಂತು. ‘ರೂಬೆ’ ಎಂಬುದು ಆ ಕಂಪನಿಯ ಸೈಕಲ್ ಮಾದರಿಯೊಂದರ ಹೆಸರು. ಸುದ್ದಿ ತಿಳಿದ ಅಭಿಮಾನಿಗಳು ಕೆರಳಿದರು. ಅಷ್ಟರಲ್ಲಿ ಆ ಗುರುತಿನ ನಿಜವಾದ ಮಾಲೀಕತ್ವ ತನ್ನದೆಂದೂ, ಅಂಗಡಿಯವರು ಹೆಸರನ್ನು ಇಟ್ಟುಕೊಳ್ಳಲು ತನ್ನ ಅಡ್ಡಿಯಿಲ್ಲವೆಂದೂ ಮತ್ತೊಂದು ಕಂಪನಿ ಪ್ರಕಟಿಸಿತು. ಸ್ಪೆಷಲೈಸ್ಡ್ ಸ್ಥಾಪಕರು ಖುದ್ದಾಗಿ ಅಂಗಡಿಗೆ ಹೋಗಿ ಕ್ಷಮೆ ಕೇಳಿದರು. ಈ ಪ್ರಕರಣದಲ್ಲಿ ರೂಬೆ ಪಟ್ಟಣಕ್ಕೆ ಪಾತ್ರವೇ ಇರಲಿಲ್ಲ ಎಂಬುದು ಗಮನಾರ್ಹ. ಊರಿನ ಹೆಸರಿಗೆ ಊರೇ ಹಕ್ಕುದಾರನಾಗಿರಲಿಲ್ಲ.

ಈ ವಿಷಯದಲ್ಲಿ ಚನ್ನಪಟ್ಟಣದ ಆಟಿಕೆ ತಯಾರಕರು ಒಂದು ಹೆಜ್ಜೆ ಮುಂದಿದ್ದಾರೆ. ಎರಡು ದಶಕಗಳ ಹಿಂದೆಯೇ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಆದರೆ ರಾಮನಗರದ ಕೈಯಲ್ಲಿರುವ ಹೆಸರುಗಳೇನು? 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರ ಚಿತ್ರೀಕರಣಗೊಂಡ ರಾಮದೇವರ ಬೆಟ್ಟವನ್ನು ನೋಡಲು ಇಂದಿಗೂ ಹೊರಗಿನವರು ಬರುತ್ತಾರೆ, ನೋಡಿ ಹಿಂದಿರುಗುತ್ತಾರೆ. ಅಲ್ಲಿಗೆ ಬಂದವರು ಗೂಡಿನ ಮಾರುಕಟ್ಟೆಯನ್ನಾಗಲಿ ನೂಲು ಬಿಚ್ಚಣಿಕೆಯನ್ನಾಗಲಿ ನೋಡಿಕೊಂಡು ಹೋಗುವುದು ಅಪರೂಪ. 2025ರಲ್ಲಿ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂದಿದೆ. ಹೂಡಿಕೆಗೆ ಅನುಕೂಲವೆಂಬುದು ಒಂದು ವಾದ; ರಾಮನಗರ ಎಂಬ ಹೆಸರಿಗೆ ಮಾರುಕಟ್ಟೆಯಲ್ಲಿದ್ದ ಮೌಲ್ಯವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಇತ್ತ ಸೈಕಲ್ ಸವಾರರು ನಮ್ಮ ಭಾಗಕ್ಕೂ ಬರುತ್ತಿದ್ದಾರೆ. ಬೆಂಗಳೂರಿನ ಹವ್ಯಾಸಿಗಳು ರಜಾದಿನಗಳಂದು ಮಾಗಡಿಯ ಸಾವನದುರ್ಗದತ್ತಲೂ ಕನಕಪುರ ರಸ್ತೆಯಲ್ಲಿಯೂ ಗುಂಪಾಗಿ ಸಾಗುವುದನ್ನು ಕಾಣಬಹುದು. ದಶಪಥದ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ಬಿಡದಿ, ರಾಮನಗರ, ಚನ್ನಪಟ್ಟಣಗಳ ಹಳೆಯ ರಸ್ತೆಯೇ ಅಂಥವರಿಗೆ ದಾರಿ. ಬೆಳಗಿನ ಬಿಸಿಲೇರುವ ಮುನ್ನವೇ ಅವರು ಊರು ದಾಟುತ್ತಾರೆ. ಆ ಹೊತ್ತಿಗೆ ತಟ್ಟೆ ಇಡ್ಲಿಯ ಹೋಟೆಲುಗಳು ತೆರೆದಿರುತ್ತವೆ, ಆಟಿಕೆ ಅಂಗಡಿಗಳ ಬಾಗಿಲು ಇನ್ನೂ ಹಾಕಿರುತ್ತದೆ.